ಬೆಳ್ಳಿಯ ಮೇಲೆ ಗೂಬೆ ಕೂರಿಸಿದವರು

ಅಥೆನ್ಸ್‌ನಲ್ಲಿ ಕಾಫಿಗೆ ದುಡ್ಡು ಕೊಟ್ಟಾಗ ಚಿಲ್ಲರೆ ಜೊತೆ ಒಂದು ಗೂಬೆ ಬಂತು. ಒಂದು ಯೂರೋ ನಾಣ್ಯ. ಯೂರೋ ಬಳಸುವ ಪ್ರತಿ ದೇಶವೂ ನಾಣ್ಯದ ಒಂದು ಬದಿಗೆ ತನ್ನದೇ ಚಿತ್ರ ಹಾಕಿಕೊಳ್ಳಬಹುದು. ಗ್ರೀಸ್‌ನವರು ಹಾಕಿಕೊಂಡದ್ದು ತಮ್ಮದೇ ಹಳೆಯ ಬೆಳ್ಳಿ ನಾಣ್ಯವೊಂದರ ಚಿತ್ರ. ಹಳೆಯದು ಅಂದರೆ ಸುಮಾರು ಎರಡೂವರೆ ಸಾವಿರ ವರ್ಷ. ನಾಣ್ಯದೊಳಗೆ ನಾಣ್ಯ, ಅದರೊಳಗೆ ಗೂಬೆ.

ನನಗೆ ನಗು ಬಂತು. ನಮ್ಮ ಕಡೆ ಗೂಬೆಗೆ ಇರುವ ಮರ್ಯಾದೆ ಗೊತ್ತಲ್ಲ. ಮನೆಯ ಮೇಲೆ ಕೂತು ಕೂಗಿದರೆ ಅಜ್ಜಿ ಎದ್ದು ಕೂರುತ್ತಿದ್ದಳು. ಪೆದ್ದನನ್ನು ಗೂಬೆ ಅನ್ನುತ್ತೇವೆ. ತಾನು ಮಾಡಿದ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಿದರೆ ಅದು ಗೂಬೆ ಕೂರಿಸುವುದು. ಲಕ್ಷ್ಮಿಯ ವಾಹನವೂ ಗೂಬೆಯೇ ಅನ್ನುವ ಮಾತೊಂದಿದೆ, ಆದರೆ ಅದನ್ನು ಯಾರೂ ಜಾಸ್ತಿ ಎತ್ತುವುದಿಲ್ಲ. ಈ ಊರಿನವರು ಮಾತ್ರ ತಮ್ಮ ದುಡ್ಡಿನ ಮೇಲೆಯೇ ಗೂಬೆ ಕೂರಿಸಿ, ಅದನ್ನು ಕಡಲಾಚೆಗೆ ಕಳಿಸಿ, ಒಂದು ಕಾಲದಲ್ಲಿ ಅರ್ಧ ಲೋಕದ ವ್ಯಾಪಾರ ನಡೆಸಿದ್ದರು.

ಕೆಲಸದ ಮೇಲೆ ಮೂರು ದಿನಕ್ಕೆ ಹೋಗಿದ್ದೆ. ಒಂದು ಮಧ್ಯಾಹ್ನ ಬಿಡುವು ಸಿಕ್ಕಿತು. ಎಲ್ಲರೂ ಬೆಟ್ಟದ ಮೇಲಿನ ಪಾರ್ಥೆನಾನ್‌ಗೆ ಹೊರಟರೆ ನಾನು ನಾಣ್ಯಗಳ ಮ್ಯೂಸಿಯಂ ಹುಡುಕಿಕೊಂಡು ಹೋದೆ. ಹೋಮರನ ಕಾವ್ಯದ ಟ್ರಾಯ್ ಊರನ್ನು ಅಗೆದ ಹೈನ್ರಿಶ್ ಶ್ಲೀಮನ್ ಕಟ್ಟಿಸಿದ ಮನೆ ಅದು. ಚಿತ್ರ ಬರೆದ ಛಾವಣಿ, ಮೊಸಾಯಿಕ್ ನೆಲ, ಅದರ ನಡುವೆ ಗಾಜಿನ ಪೆಟ್ಟಿಗೆಗಳಲ್ಲಿ ನಾಣ್ಯಗಳು. ಜನ ಕಡಿಮೆ. ನನ್ನಂಥವನಿಗೆ ಹೇಳಿ ಮಾಡಿಸಿದ ಜಾಗ.

ನನ್ನಂಥವನು ಅಂದೆ, ಅದನ್ನು ಸ್ವಲ್ಪ ಹೇಳಬೇಕು. ನಮ್ಮದು ಅಕ್ಕಸಾಲಿಗರ ಮನೆ. ನಾನು ಉಳಿ ಹಿಡಿಯಲಿಲ್ಲ, ಓದಿ ಬೇರೆ ಕೆಲಸಕ್ಕೆ ಹೋದೆ. ಆದರೆ ಬೇಸಿಗೆ ರಜೆಯೆಲ್ಲ ಕಳೆದದ್ದು ದೊಡ್ಡಪ್ಪನ ಅಂಗಡಿಯಲ್ಲಿ. ಕುಲುಮೆಗೆ ಊದುವುದು, ಒರೆಗಲ್ಲು ತೊಳೆಯುವುದು, ಅಚ್ಚುಗಳಿಗೆ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿಡುವುದು ನನ್ನ ಕೆಲಸ. ಹಾಗಾಗಿ ನಾಣ್ಯ ಕಂಡರೆ ಬೆಲೆಗಿಂತ ಮೊದಲು ಇದನ್ನು ಬಡಿದದ್ದು ಹೇಗೆ ಅಂತ ನೋಡುವ ಚಾಳಿ ಉಳಿದುಬಿಟ್ಟಿದೆ.

ಗೂಬೆ ನಾಣ್ಯದ ಹೆಸರು ಟೆಟ್ರಾಡ್ರಾಕ್ಮ, ಅಂದರೆ ನಾಲ್ಕು ಡ್ರಾಕ್ಮ. ತೂಕ 17.2 ಗ್ರಾಂ. ನಮ್ಮ ಲೆಕ್ಕದಲ್ಲಿ ಒಂದೂವರೆ ತೊಲಕ್ಕೆ ಒಂಚೂರು ಕಡಿಮೆ. ಅಗಲ ಎರಡೂವರೆ ಸೆಂಟಿಮೀಟರ್ ಇದ್ದರೆ ಹೆಚ್ಚು, ಆದರೆ ದಪ್ಪ. ಬಿಸ್ಕತ್ತಿಗಿಂತ ಕೋಡುಬಳೆ ಹಿಟ್ಟಿನ ಉಂಡೆಯನ್ನು ಹೆಬ್ಬೆರಳಿನಿಂದ ಒತ್ತಿದ ಹಾಗಿದೆ. ಒಂದು ಬದಿಗೆ ಊರನ್ನು ಕಾಯುವ ಅಥೀನಾ ದೇವಿಯ ತಲೆ: ಶಿರಸ್ತ್ರಾಣ, ಅದರ ಮೇಲೆ ಆಲಿವ್ ಎಲೆಗಳು, ಕಿವಿಗೆ ದುಂಡನೆಯ ಓಲೆ. ಇನ್ನೊಂದು ಬದಿಗೆ ಅವಳ ಹಕ್ಕಿ ಗೂಬೆ. ಮೈ ಪಕ್ಕಕ್ಕೆ, ಮುಖ ನಮ್ಮ ಕಡೆಗೆ. ಹಿಂದೆ ಆಲಿವ್ ಚಿಗುರು, ಪುಟ್ಟ ಚಂದ್ರನ ಚೂರು, ಮುಂದೆ ಮೂರು ಅಕ್ಷರ: ಅ, ಥ, ಎ. ಅಥೆನ್ಸ್‌ನವರದು ಅಂತ ಅರ್ಥ.

ಬಡಿಯುವ ಕೆಲಸ ನೋಡಿದರೆ ಸರಳ. ಅಥೀನಾ ಇರುವ ಅಚ್ಚನ್ನು ಅಡಿಗಲ್ಲಿನಲ್ಲಿ ಕೂರಿಸುತ್ತಾರೆ. ಅದರ ಮೇಲೆ ತೂಕ ಹಾಕಿದ ಬೆಳ್ಳಿಯ ಬಿಲ್ಲೆ. ಅದರ ಮೇಲೆ ಗೂಬೆ ಕೊರೆದ ಮೊಳೆಯಂಥ ಅಚ್ಚು. ಒಬ್ಬ ಹಿಡಿದುಕೊಳ್ಳುತ್ತಾನೆ, ಇನ್ನೊಬ್ಬ ಸುತ್ತಿಗೆಯಿಂದ ಹೊಡೆಯುತ್ತಾನೆ. ಸುತ್ತಲೂ ಬಳೆ ಇಲ್ಲ, ಹಾಗಾಗಿ ಬೆಳ್ಳಿ ತನಗೆ ಬೇಕಾದ ಕಡೆ ಹರಿಯುತ್ತದೆ. ಕೈ ಕೂದಲೆಳೆ ಸರಿದರೆ ಗೂಬೆಯ ಕಾಲು ಅಂಚಿನಾಚೆ ಹೋಗುತ್ತದೆ. ಮ್ಯೂಸಿಯಂನಲ್ಲಿ ಸಾಲಾಗಿ ಇಟ್ಟ ಗೂಬೆಗಳಲ್ಲಿ ಒಂದರ ಹಾಗೆ ಇನ್ನೊಂದಿಲ್ಲ. ಒಂದಕ್ಕೆ ಶಿರಸ್ತ್ರಾಣದ ಜುಟ್ಟೇ ಇಲ್ಲ. ಇನ್ನೊಂದರಲ್ಲಿ ದೇವಿಯ ಮೂಗಿನ ತುದಿ ಅಂಚಿಗೆ ಬಡಿದು ನಿಂತಿದೆ. ಮೇಲಿನ ಅಚ್ಚಿಗೆ ನೇರ ಪೆಟ್ಟು, ಹಾಗಾಗಿ ಅದು ಬೇಗ ಒಡೆಯುತ್ತಿತ್ತು. ಅಡಿಗಲ್ಲಿನಲ್ಲಿ ಭದ್ರವಾಗಿ ಕೂತ ಅಥೀನಾ ಜಾಸ್ತಿ ದಿನ ಬಾಳುತ್ತಿದ್ದಳು, ಗೂಬೆಗಳು ಬದಲಾಗುತ್ತಿದ್ದವು.

ಕಷ್ಟ ಇರುವುದು ಅಚ್ಚು ಕೊರೆಯುವುದರಲ್ಲಿ. ನಾಣ್ಯದಲ್ಲಿ ಉಬ್ಬಾಗಿ ಬರಬೇಕಾದದ್ದನ್ನು ಕಂಚಿನಲ್ಲೋ ಕಬ್ಬಿಣದಲ್ಲೋ ಹಳ್ಳವಾಗಿ ಕೊರೆಯಬೇಕು. ಎಡಕ್ಕೆ ಬರಬೇಕಾದದ್ದು ಬಲಕ್ಕೆ. ಕೆನ್ನೆ ತುಂಬಿಕೊಂಡು ಬರಬೇಕಾದರೆ ಅಲ್ಲಿ ಆಳವಾಗಿ ತೆಗೆಯಬೇಕು. ತಲೆಯೆಲ್ಲ ಉಲ್ಟಾ ಓಡಬೇಕು. ಗ್ರೀಕರು ಅಚ್ಚು ಕೊರೆಯುವವನಿಗೂ ಅಚ್ಚಿನ ಗುರುತಿಗೂ 'ಖರಕ್ತೇರ್' ಅನ್ನುತ್ತಿದ್ದರು. 'ಅವನ ಕ್ಯಾರೆಕ್ಟರ್ ಸರಿಯಿಲ್ಲ' ಅಂತ ನಾವು ಈಗ ಆಡುವ ಮಾತು ಅಲ್ಲಿಂದ ಬಂದದ್ದು. ಥೇಟ್ ಅಪ್ಪನ ಅಚ್ಚು ಅನ್ನುವಾಗ ನಾವೂ ಅದೇ ಅಂಗಡಿಯಿಂದಲೇ ಮಾತು ತರುತ್ತೇವೆ, ಅಲ್ವಾ?

ಈಗ ನನ್ನನ್ನು ಆ ಪೆಟ್ಟಿಗೆಯ ಮುಂದೆ ಅರ್ಧ ಗಂಟೆ ನಿಲ್ಲಿಸಿದ ವಿಷಯಕ್ಕೆ ಬರುತ್ತೇನೆ. ಅಥೀನಾಳ ಕಣ್ಣು.

ಮುಖ ಪಕ್ಕಕ್ಕೆ ತಿರುಗಿದೆ. ಮೂಗು, ಬಾಯಿ, ಗಲ್ಲ ಎಲ್ಲ ಪಕ್ಕದಿಂದ ಕಂಡ ಹಾಗೆ. ಕಣ್ಣು ಮಾತ್ರ ಎದುರಿನಿಂದ ನೋಡಿದ ಪೂರ್ತಿ ಕಣ್ಣು, ಬಾದಾಮಿ ಆಕಾರದ್ದು. ತುಟಿಯ ಮೇಲೆ ಹಳೆಯ ಶಿಲ್ಪಗಳ ಒಂಥರಾ ಬಿಗಿಯಾದ ನಗೆ. ಕ್ರಿಸ್ತಪೂರ್ವ 500ರ ಹೊತ್ತಿಗೆ ಎಲ್ಲರೂ ಕಣ್ಣು ಬರೆಯುತ್ತಿದ್ದದ್ದು ಹಾಗೇ, ಅದರಲ್ಲಿ ಆಶ್ಚರ್ಯ ಇಲ್ಲ. ಆಶ್ಚರ್ಯ ಇರುವುದು ಆಮೇಲೆ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಕ್ರಿಸ್ತಪೂರ್ವ 447ರಲ್ಲಿ ಅಥೀನಾಳ ಗುಡಿ ಪಾರ್ಥೆನಾನ್ ಕಟ್ಟಲು ಶುರು ಮಾಡಿದರು. ಶಿಲ್ಪಿ ಫಿಡಿಯಾಸ್ ಮತ್ತು ಅವನ ಜೊತೆಯವರು ಕಲ್ಲಿನಲ್ಲಿ ಕುದುರೆಯ ನರ ಬಿಡಿಸುತ್ತಿದ್ದರು, ಒದ್ದೆ ಸೀರೆ ಮೈಗೆ ಅಂಟಿದ ಹಾಗೆ ಬಟ್ಟೆಯ ಮಡಿಕೆ ತೆಗೆಯುತ್ತಿದ್ದರು. ಅದೇ ಊರು, ಅದೇ ದೇವಿ. ನಾಣ್ಯದ ಮೇಲೆ ಮಾತ್ರ ಅಜ್ಜನ ಕಾಲದ ಕಣ್ಣು. ಪಕ್ಕದಿಂದ ಕಾಣುವ ಸರಿಯಾದ ಕಣ್ಣು ಬಂದದ್ದು ನೂರು ವರ್ಷಕ್ಕೂ ಮೇಲಾದ ನಂತರ.

ಬರೆಯಲು ಬರುತ್ತಿರಲಿಲ್ಲವಾ? ಬರುತ್ತಿತ್ತು. ಬೇಡ ಅಂದುಕೊಂಡರು.

ನನಗೆ ದೊಡ್ಡಪ್ಪ ನೆನಪಾದ. ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡು ತಿಂಗಳ ಮುಂಚಿನಿಂದ ಅವನು ಬೆಳ್ಳಿಯ ಮುಖವಾಡ ಬಡಿಯುತ್ತಿದ್ದ. ಕಂಚಿನ ಹಳೆಯ ಅಚ್ಚು, ಅವನ ಅಪ್ಪ ಮಾಡಿದ್ದು. ಅಚ್ಚಿನ ಮೇಲೆ ಬೆಳ್ಳಿ ತಗಡು, ಅದರ ಮೇಲೆ ಸೀಸದ ತುಂಡು, ಆಮೇಲೆ ಸುತ್ತಿಗೆ. ಲಕ್ಷ್ಮಿಯ ಕಣ್ಣು ಮುಖದ ಮೂರನೇ ಒಂದು ಪಾಲು ಇತ್ತು, ಮೀನಿನ ಹಾಗೆ ಕಿವಿಯ ತನಕ ಹೋಗಿತ್ತು. ಒಂದು ವರ್ಷ ದೊಡ್ಡಪ್ಪನಿಗೆ ಹುರುಪು ಬಂತು. ಮಳೆಗಾಲವೆಲ್ಲ ಕೂತು ಹೊಸ ಅಚ್ಚು ಕೊರೆದ. ನಿಜವಾದ ಹೆಂಗಸಿನ ಮುಖ, ಅಳತೆಗೆ ಸರಿಯಾದ ಕಣ್ಣು, ರೆಪ್ಪೆ ತುಸು ಬಾಗಿದ್ದು. ನಮಗೆಲ್ಲ ತುಂಬಾ ಚಂದ ಕಂಡಿತು. ಹನ್ನೆರಡು ಮುಖ ಬಡಿದಿಟ್ಟ. ಹಬ್ಬ ಬಂತು, ಹೋಯಿತು. ಹನ್ನೆರಡರಲ್ಲಿ ಒಂದೂ ಹೋಗಲಿಲ್ಲ. ಬಂದ ಹೆಂಗಸರು ಕೈಗೆ ತೆಗೆದುಕೊಂಡು, ತಿರುಗಿಸಿ ನೋಡಿ, 'ಚೆನ್ನಾಗಿದೆ, ಆದ್ರೆ ಲಕ್ಷ್ಮಿ ಬೇಕಿತ್ತು' ಅಂದರು. ದೊಡ್ಡಪ್ಪ ಹನ್ನೆರಡನ್ನೂ ಮೂಸೆಗೆ ಹಾಕಿ ಕರಗಿಸಿದ. 'ಕಣ್ಣು ಮುಟ್ಟಬಾರದಿತ್ತು ಕಣೋ' ಅಂದ, ಅಷ್ಟೇ.

ಅಥೆನ್ಸ್‌ನ ಗೂಬೆಯನ್ನು ಈಜಿಪ್ಟಿನವನು, ಸಿರಿಯಾದವನು, ಕಪ್ಪು ಸಮುದ್ರದ ದಡದ ಗೋಧಿ ವ್ಯಾಪಾರಿ ಎಲ್ಲರೂ ತೆಗೆದುಕೊಳ್ಳುತ್ತಿದ್ದರು. ಅವರಿಗೆ ಗ್ರೀಕ್ ಓದಲು ಬರಬೇಕೆಂದೇನೂ ಇರಲಿಲ್ಲ. ಆ ಕಣ್ಣು, ಆ ಗೂಬೆ ಕಂಡರೆ ಬೆಳ್ಳಿ ಚೊಕ್ಕ, ತೂಕ ಸರಿ ಅಂತ ಗೊತ್ತಿತ್ತು. ಕಣ್ಣು ತಿದ್ದಿದ್ದರೆ ಅವರೂ ತಿರುಗಿಸಿ ನೋಡಿ, ಚೆನ್ನಾಗಿದೆ, ಆದರೆ ಅಥೆನ್ಸ್‌ನದು ಬೇಕಿತ್ತು ಅನ್ನುತ್ತಿದ್ದರೇನೋ.

ಆ ಬೆಳ್ಳಿ ಬರುತ್ತಿದ್ದದ್ದು ಅಥೆನ್ಸ್‌ಗೆ ಹತ್ತಿರದ ಲಾರಿಯನ್ ಗಣಿಗಳಿಂದ. ಕ್ರಿಸ್ತಪೂರ್ವ 483ರ ಸುಮಾರಿಗೆ ಅಲ್ಲಿ ದೊಡ್ಡ ಗಣಿ ಸಿಕ್ಕಿತು. ಸಿಕ್ಕಿದ್ದನ್ನು ತಲೆಗೆ ಹತ್ತು ಡ್ರಾಕ್ಮದಂತೆ ಹಂಚಿಕೊಳ್ಳೋಣ ಅಂತ ಜನ ಹೊರಟರೆ, ಥೆಮಿಸ್ಟೋಕ್ಲೀಸ್ ಎಂಬಾತ ಬೇಡ, ಹಡಗು ಕಟ್ಟೋಣ ಅಂದ. ಇನ್ನೂರು ಹಡಗು ಅಂತ ಇತಿಹಾಸಕಾರ ಹೆರೊಡೋಟಸ್ ಬರೆಯುತ್ತಾನೆ. ಮೂರು ವರ್ಷಕ್ಕೆ ಸಲಾಮಿಸ್‌ನಲ್ಲಿ ಪರ್ಷಿಯಾದ ನೌಕಾಪಡೆಯನ್ನು ಸೋಲಿಸಿದ್ದು ಆ ಹಡಗುಗಳಿಂದಲೇ. ಕಥೆಯ ಈ ಭಾಗವನ್ನು ಎಲ್ಲರೂ ಹೇಳುತ್ತಾರೆ. ಗಣಿಯೊಳಗೆ ಹೊಟ್ಟೆ ಎಳೆದುಕೊಂಡು ಹೋಗುತ್ತಿದ್ದ ಗುಲಾಮರ ಭಾಗ ಕಡಿಮೆ. ನಿಕಿಯಾಸ್ ಎಂಬ ಶ್ರೀಮಂತ ಒಂದು ಸಾವಿರ ಗುಲಾಮರನ್ನು ಗಣಿಗೆ ಬಾಡಿಗೆಗೆ ಬಿಟ್ಟಿದ್ದ. ತಲೆಗೆ ದಿನಕ್ಕೆ ಒಂದು ಒಬೋಲ್. ಆರು ಒಬೋಲ್‌ಗೆ ಒಂದು ಡ್ರಾಕ್ಮ. ಅಂದರೆ ಆ ಗೂಬೆ ನಾಣ್ಯ ಒಂದನ್ನು ಸಂಪಾದಿಸಲು ಒಬ್ಬ ಗುಲಾಮ 24 ದಿನ ನೆಲದಡಿಯಲ್ಲಿ ಇರಬೇಕು, ಆ ನಾಣ್ಯ ಹೋಗುವುದು ನಿಕಿಯಾಸ್‌ಗೆ. ಈ ಹೆಸರು ನೆನಪಿರಲಿ, ಮತ್ತೆ ಬರುತ್ತದೆ.

ಒಬೋಲ್ ಅಂದರೆ ಮೂಲದಲ್ಲಿ ಮಾಂಸ ಸುಡುವ ಕಬ್ಬಿಣದ ಸಲಾಕೆ. ಆರು ಸಲಾಕೆ ಸೇರಿದರೆ ಒಂದು ಹಿಡಿ, ಅದೇ ಡ್ರಾಕ್ಮ. ಬೆಳ್ಳಿಯ ಒಬೋಲ್ ಎಷ್ಟು ಚಿಕ್ಕದೆಂದರೆ ಗ್ರೀಕರು ಪೇಟೆಗೆ ಹೋಗುವಾಗ ಅದನ್ನು ಬಾಯಲ್ಲಿ ಇಟ್ಟುಕೊಂಡು ಹೋಗುತ್ತಿದ್ದರು. ಸತ್ತವರ ಬಾಯಲ್ಲೂ ಒಂದನ್ನು ಇಡುತ್ತಿದ್ದರು, ಆಚೆ ದಡಕ್ಕೆ ದಾಟಿಸುವ ಅಂಬಿಗನಿಗೆ ಕೂಲಿ. ನಮ್ಮಲ್ಲಿ ಹಣೆಯ ಮೇಲೆ ಇಡುತ್ತೇವೆ. ಗೂಬೆ ಆ ಚೂರಿನ ಮೇಲೂ ಇರುತ್ತಿತ್ತು, ಅಗುಳಿನಷ್ಟು ಗಾತ್ರದಲ್ಲಿ. ಅದರ ಅಚ್ಚು ಕೊರೆದವನ ಕಣ್ಣು ಏನಾಗಿತ್ತೋ.

ಜನ ನಾಣ್ಯಗಳನ್ನು ಚಿತ್ರದ ಹೆಸರಿನಿಂದಲೇ ಕರೆಯುತ್ತಿದ್ದರು. ಅಥೆನ್ಸ್‌ನದು ಗೂಬೆ. ಏಜಿನಾ ದ್ವೀಪದ್ದು ಆಮೆ. ಕೋರಿಂತ್‌ನದು ಮರಿಕುದುರೆ, ಏಕೆಂದರೆ ಅದರ ಮೇಲೆ ರೆಕ್ಕೆಯ ಕುದುರೆ ಪೆಗಾಸಸ್. ನಮ್ಮಲ್ಲಿ ಚಾಲುಕ್ಯರ ಹಂದಿಯ ಲಾಂಛನದಿಂದ ಚಿನ್ನದ ನಾಣ್ಯಕ್ಕೆ ವರಾಹ ಅಂತ ಹೆಸರು ನಿಂತ ಹಾಗೆಯೇ. 'ಅಥೆನ್ಸ್‌ಗೆ ಗೂಬೆ ಹೊತ್ತ ಹಾಗೆ' ಅಂತ ಗ್ರೀಕರಲ್ಲಿ ಒಂದು ಗಾದೆಯೇ ಇತ್ತು. ಸಮುದ್ರಕ್ಕೆ ನೀರು ಹೊಯ್ದ ಹಾಗೆ ಅಂತ ಅರ್ಥ.

ಏಜಿನಾದ ಆಮೆ ನನಗೆ ತುಂಬಾ ಇಷ್ಟ. ಗ್ರೀಸ್‌ನಲ್ಲಿ ಎಲ್ಲರಿಗಿಂತ ಮೊದಲು ಬೆಳ್ಳಿ ನಾಣ್ಯ ಬಡಿದವರಲ್ಲಿ ಅವರೂ ಒಬ್ಬರು. ದಪ್ಪ ಬಿಲ್ಲೆ, ಅದರ ಮೇಲೆ ಉಬ್ಬಿದ ಆಮೆ, ಹಿಂದೆ ಬರೀ ಉಳಿಯ ಚೌಕ ಗುರುತು. ಕೈಯಲ್ಲಿ ಹಿಡಿದರೆ ಬೆಳ್ಳಿಯ ದಪ್ಪವೇ ಆಮೆಯ ಬೆನ್ನು ಅನ್ನಿಸಬೇಕು. ಮೊದಲು ಈಜುಗಾಲಿನ ಕಡಲಾಮೆ ಇತ್ತು. ಕ್ರಿಸ್ತಪೂರ್ವ 457ರ ಹೊತ್ತಿಗೆ ಏಜಿನಾ ಅಥೆನ್ಸ್‌ಗೆ ಸೋತು ಶರಣಾಯಿತು. ಆಮೇಲಿನ ನಾಣ್ಯಗಳಲ್ಲಿ ಕಾಣುವುದು ನೆಲದ ಆಮೆ. ಕಡಲು ಕೈತಪ್ಪಿದ್ದಕ್ಕೆ ಆಮೆಯೂ ದಡ ಹತ್ತಿತು ಅನ್ನುತ್ತಾರೆ. ಇದು ಸ್ವಲ್ಪ ಜಾಸ್ತಿ ಚೆನ್ನಾಗಿ ಕೂರುವ ಕಥೆ, ಅದಕ್ಕೇ ನನಗೆ ಅನುಮಾನ. ಆದರೆ ಬೆನ್ನಿನ ಚಿಪ್ಪಿನ ಹೆಂಚುಗಳನ್ನು ಆ ಎರಡನೇ ಆಮೆಯಲ್ಲಿ ಎಷ್ಟು ಚೊಕ್ಕಟವಾಗಿ ಕೊರೆದಿದ್ದಾರೆಂದರೆ, ಸೋತವರ ಕೈ ಅನ್ನಿಸುವುದಿಲ್ಲ.

ಕೆಲವು ಊರುಗಳು ಹೆಸರಿನಲ್ಲೇ ಆಟ ಆಡಿದವು. ಇಟಲಿಯ ಸಿಸಿಲಿ ದ್ವೀಪದ ಸೆಲಿನಸ್ ಊರಿನ ನಾಣ್ಯದ ಮೇಲೆ ಸೆಲಿನಾನ್ ಎಂಬ ಸೊಪ್ಪಿನ ಎಲೆ. ರೋಡ್ಸ್ ದ್ವೀಪದ ಮೇಲೆ ಗುಲಾಬಿ, ಗ್ರೀಕಿನಲ್ಲಿ ಗುಲಾಬಿಗೆ ರೋಡಾನ್. ಫೋಕಿಯಾದ ಮೇಲೆ ಫೋಕೆ, ಅಂದರೆ ಸೀಲ್ ಪ್ರಾಣಿ. ಸಿಡೆ ಊರಿಗೆ ದಾಳಿಂಬೆ, ಅದರ ಹೆಸರೂ ಸಿಡೆ. ಇಟಲಿಯ ಅಂಕೋನಾಕ್ಕೆ ಮಡಚಿದ ಮೊಣಕೈ, ಮೊಣಕೈಗೆ ಅಂಕೋನ್. ಶ್ಲೇಷೆಯನ್ನು ಲೋಹದಲ್ಲಿ ಬಡಿದವರು ಇವರು. ಓದಲು ಬಾರದ ನಾವಿಕನೂ ಚಿತ್ರ ನೋಡಿ ಜೋರಾಗಿ ಹೆಸರು ಹೇಳಿದರೆ ಊರಿನ ಹೆಸರೇ ಬಾಯಿಗೆ ಬರುತ್ತದೆ. ಬೆಂಗಳೂರಿಗೆ ಬೆಂದ ಕಾಳಿನ ಚಿತ್ರ ಹಾಕಿದ ಹಾಗೆ.

ಆಫ್ರಿಕಾದ ದಡದ ಸಿರೀನ್ ಊರಿನದು ಬೇರೆ ಥರ. ಅವರ ನಾಣ್ಯದ ಮೇಲೆ ಸಿಲ್ಫಿಯಮ್ ಎಂಬ ಗಿಡ. ದಪ್ಪ ಗೆರೆಗೆರೆ ಕಾಂಡ, ಜೋಡಿ ಎಲೆ, ತುದಿಯಲ್ಲಿ ಹೂಗೊಂಚಲು. ಅಡುಗೆಗೆ, ಔಷಧಿಗೆ ಅದಕ್ಕೆ ಭಾರಿ ಬೇಡಿಕೆ. ನಮ್ಮ ಇಂಗಿನ ಬಳಗದ್ದಿರಬೇಕು ಅನ್ನುತ್ತಾರೆ. ಊರು ಶ್ರೀಮಂತವಾದದ್ದೇ ಅದರಿಂದ. ಆದರೆ ಅದು ಕಾಡಿನಲ್ಲಿ ಮಾತ್ರ ಬೆಳೆಯುತ್ತಿತ್ತು, ಹೊಲಕ್ಕೆ ಒಗ್ಗಲಿಲ್ಲ. ಕಿತ್ತು ಕಿತ್ತು ಮುಗಿಸಿದರು. ಕೊನೆಗೆ ಸಿಕ್ಕ ಒಂದೇ ಒಂದು ಗಿಡವನ್ನು ರೋಮ್‌ನ ನೀರೋ ಚಕ್ರವರ್ತಿಗೆ ಕಳಿಸಿದರು ಅಂತ ಆ ಕಾಲದ ಲೇಖಕ ಪ್ಲಿನಿ ಬರೆದಿಟ್ಟಿದ್ದಾನೆ. ಆ ಗಿಡ ಹೇಗಿತ್ತು ಅಂತ ತಿಳಿಯಬೇಕಾದರೆ ಇವತ್ತಿಗೂ ನೋಡಬೇಕಾದದ್ದು ಆ ನಾಣ್ಯಗಳನ್ನೇ.

ಚಂದದ ಮಾತಿಗೆ ಬಂದರೆ ಸಿಸಿಲಿಗೆ ಹೋಗಲೇಬೇಕು. ಅಲ್ಲಿ ಸಿರಕ್ಯೂಸ್ ಅಂತ ಊರು. ಊರಿನ ಹಳೆಯ ಭಾಗ ಒರ್ಟಿಜಿಯಾ ಎಂಬ ಪುಟ್ಟ ದ್ವೀಪ. ಸಮುದ್ರದ ಅಂಚಿನಲ್ಲೇ ಅಲ್ಲೊಂದು ಸಿಹಿನೀರಿನ ಬುಗ್ಗೆ ಇದೆ, ಈಗಲೂ ಇದೆ. ಅದರ ದೇವತೆ ಅರೆಥೂಸಾ. ನದಿಯ ದೇವರು ಬೆನ್ನು ಹತ್ತಿದಾಗ ಗ್ರೀಸ್‌ನಿಂದ ಕಡಲಿನಡಿ ಹರಿದು ಬಂದು ಇಲ್ಲಿ ಎದ್ದಳಂತೆ. ನಾಣ್ಯದ ಮೇಲೆ ಅವಳ ತಲೆ, ಸುತ್ತ ನಾಲ್ಕು ಡಾಲ್ಫಿನ್. ನಾನು ಇದನ್ನು ಬಹಳ ದಿನ ಸುಮ್ನೆ ಅಲಂಕಾರ ಅಂದುಕೊಂಡಿದ್ದೆ. ಅಲ್ಲ, ಅದು ಊರಿನ ನಕ್ಷೆ. ನಡುವೆ ಸಿಹಿನೀರು, ಸುತ್ತ ಉಪ್ಪುನೀರು.

ಇನ್ನೊಂದು ಬದಿಗೆ ನಾಲ್ಕು ಕುದುರೆಯ ರಥ. ಮೊದಮೊದಲು ಕುದುರೆಗಳು ಮೆರವಣಿಗೆಯಲ್ಲಿ ಹೋದ ಹಾಗೆ ಮೆಲ್ಲಗೆ ಹೆಜ್ಜೆ ಹಾಕುತ್ತವೆ, ಒಂದರ ಹಿಂದೆ ಒಂದು ಅಡಗಿ. ಎರಡು ತಲೆಮಾರು ಕಳೆಯುವಷ್ಟರಲ್ಲಿ ರಥ ಓರೆಯಾಗಿ ತಿರುಗಿ ನಮ್ಮ ಕಡೆಗೇ ನುಗ್ಗುತ್ತದೆ, ಕಾಲುಗಳು ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ, ಮೇಲಿನಿಂದ ಗೆಲುವಿನ ದೇವತೆ ಹಾರಿ ಬಂದು ಸಾರಥಿಗೆ ಹಾರ ಹಾಕುತ್ತಾಳೆ. ಇಷ್ಟೂ ಒಂದು ಹೆಬ್ಬೆರಳಿನ ಜಾಗದಲ್ಲಿ. ಅಥೆನ್ಸ್ ಏನನ್ನು ಬೇಡ ಅಂದಿತೋ ಅದನ್ನೆಲ್ಲ ಸಿರಕ್ಯೂಸ್ ಬೇಕು ಅಂದಿತು.

ರಥ ಅಂದಾಗ ಒಂದು ಕಥೆ. ಪಕ್ಕದ ಮೆಸ್ಸಾನಾ ಊರಿನ ನಾಣ್ಯದ ಮೇಲೆ ಕುದುರೆ ಬದಲು ಹೇಸರಗತ್ತೆಯ ಗಾಡಿ. ಆ ಊರನ್ನು ಆಳಿದ ಅನಾಕ್ಸಿಲಾಸ್ ಒಲಿಂಪಿಕ್ಸ್‌ನಲ್ಲಿ ಹೇಸರಗತ್ತೆ ಓಟ ಗೆದ್ದಿದ್ದ, ಅದರ ನೆನಪಿಗೆ. ಗೆಲುವಿನ ಮೇಲೆ ಪದ್ಯ ಬರೆದುಕೊಡು ಅಂತ ಸಿಮೊನೈಡೀಸ್ ಕವಿಯನ್ನು ಕೇಳಿದರು. ಕೊಡುವ ದುಡ್ಡು ಕಡಿಮೆಯಾಗಿತ್ತು. ಅರ್ಧ ಕತ್ತೆಗಳ ಮೇಲೆ ನಾನು ಬರೆಯಲಾರೆ ಅಂದ ಕವಿ. ದುಡ್ಡು ಏರಿಸಿದರು. 'ಬಿರುಗಾಳಿಯ ಕಾಲಿನ ಕುದುರೆಗಳ ಕುವರಿಯರೇ' ಅಂತ ಶುರು ಮಾಡಿದ. ಅರಿಸ್ಟಾಟಲ್ ಇದನ್ನು ಹೇಳಿ, ಅವು ಕತ್ತೆಗಳ ಮಕ್ಕಳೂ ಹೌದು ಅಂತ ಸೇರಿಸುತ್ತಾನೆ.

ಈಗ ನಿಕಿಯಾಸ್. ಕ್ರಿಸ್ತಪೂರ್ವ 415ರಲ್ಲಿ ಅಥೆನ್ಸ್ ದೊಡ್ಡ ನೌಕಾಪಡೆ ಕಟ್ಟಿಕೊಂಡು ಸಿರಕ್ಯೂಸ್ ಮೇಲೆ ದಂಡೆತ್ತಿ ಹೋಯಿತು. ಸೇನಾಪತಿಗಳಲ್ಲಿ ಅದೇ ನಿಕಿಯಾಸ್ ಒಬ್ಬ. ದಂಡಯಾತ್ರೆ ಬೇಡ ಅಂತ ಅವನೇ ವಾದಿಸಿದ್ದ, ಕೇಳಲಿಲ್ಲ. 413ರಲ್ಲಿ ಎಲ್ಲ ಮುಳುಗಿತು. ನಿಕಿಯಾಸ್‌ನನ್ನು ಕೊಂದರು. ಏಳು ಸಾವಿರಕ್ಕೂ ಹೆಚ್ಚು ಸೆರೆಯಾಳುಗಳನ್ನು ಕಲ್ಲಿನ ಕ್ವಾರಿಗಳಿಗೆ ದೂಡಿದರು. ಗಣಿಗೆ ಆಳು ಕಳಿಸಿದವನ ಸೈನ್ಯ ಕೊನೆಗೆ ಕಲ್ಲುಗುಂಡಿಗಳಲ್ಲಿ ಸತ್ತಿತು.

ಇದಾದ ಮುಂದಿನ ವರ್ಷಗಳಲ್ಲಿಯೇ ಸಿರಕ್ಯೂಸ್‌ನ ಅತಿ ಹೆಸರಾದ ನಾಣ್ಯಗಳು ಬಂದವು. ಹತ್ತು ಡ್ರಾಕ್ಮದ ಬಿಲ್ಲೆ, 43 ಗ್ರಾಂ, ಮೂರೂಮುಕ್ಕಾಲು ತೊಲದ ಹತ್ತಿರ. ರಥದ ಕೆಳಗೆ ಕವಚ, ಗುರಾಣಿ, ಶಿರಸ್ತ್ರಾಣ ಜೋಡಿಸಿಟ್ಟು 'ಬಹುಮಾನ' ಅಂತ ಬರೆದಿದೆ. ಇವನ್ನು ಕೊರೆದವರು ಕಿಮೋನ್ ಮತ್ತು ಯುವೈನೆಟೋಸ್. ಹೆಸರು ಹೇಗೆ ಗೊತ್ತು ಅಂದರೆ ಅವರೇ ಬರೆದಿದ್ದಾರೆ. ಡಾಲ್ಫಿನ್ ಮೈಮೇಲೆ, ದೇವತೆಯ ತಲೆಪಟ್ಟಿಯ ಮೇಲೆ, ಇರುವೆಯಷ್ಟು ಅಕ್ಷರಗಳಲ್ಲಿ. ರಾಜರ ಹೆಸರು ಹಾಕುವ ರೂಢಿಯೇ ಇನ್ನೂ ಬಂದಿರದ ಜಾಗದಲ್ಲಿ ಅಚ್ಚು ಕೊರೆದವನ ಹೆಸರು!

ನಾನು ಚಿಕ್ಕವನಿದ್ದಾಗ ದೊಡ್ಡಪ್ಪನನ್ನು ಕೇಳಿದ್ದೆ, ನೀನು ಯಾಕೆ ಹೆಸರು ಹಾಕಲ್ಲ ಅಂತ. 'ಎಲ್ಲಿ ಹಾಕಲೋ? ಅಚ್ಚಿಗೆ ಹಾಕಿದ್ರೆ ಅಮ್ಮನ ಕೆನ್ನೆ ಮೇಲೆ ಬರುತ್ತೆ' ಅಂದ. ಕಿಮೋನ್‌ಗೆ ಆ ಹಿಂಜರಿಕೆ ಇರಲಿಲ್ಲ. ಅವನ ಇನ್ನೊಂದು ನಾಣ್ಯದಲ್ಲಿ ಅರೆಥೂಸಾ ಪೂರ್ತಿ ನಮ್ಮ ಕಡೆ ತಿರುಗಿದ್ದಾಳೆ. ಕೂದಲು ನೀರಿನಲ್ಲಿ ತೇಲುವ ಹಾಗೆ ಹರಡಿದೆ, ಅದರೊಳಗೆ ಡಾಲ್ಫಿನ್‌ಗಳು ನುಸುಳುತ್ತಿವೆ, ಹಣೆಪಟ್ಟಿಯ ಮೇಲೆ 'ಕಿಮೋನ್'. ಅವಳ ಹೆಸರು ಮೇಲೆ ಅಂಚಿನಲ್ಲಿದೆ, ಇವನದು ಅವಳ ಹಣೆಯಲ್ಲಿ. ಸೊಕ್ಕು ಅನ್ನಬೇಕೋ ಭಕ್ತಿ ಅನ್ನಬೇಕೋ ತಿಳಿಯದು. ಎದುರು ಮುಖದ ತೊಂದರೆ ಏನೆಂದರೆ ಎಲ್ಲಕ್ಕಿಂತ ಎತ್ತರ ಇರುವುದು ಮೂಗು. ಕೈಯಿಂದ ಕೈಗೆ ಹೋಗಿ ಮೊದಲು ಸವೆಯುವುದೂ ಅದೇ. ಆದರೂ ದೂರದ ಲಾರಿಸ್ಸಾದವರು ಈ ಮುಖವನ್ನು ನೋಡಿಯೇ ತಮ್ಮ ದೇವತೆಯನ್ನು ಕೊರೆದರು. ಯುವೈನೆಟೋಸ್‌ನ ಅರೆಥೂಸಾಳನ್ನು ಸಿರಕ್ಯೂಸ್‌ನ ಬದ್ಧ ವೈರಿ, ಆಫ್ರಿಕಾದ ದಡದ ಕಾರ್ತೇಜ್ ಕೂಡ ನಕಲು ಮಾಡಿತು.

ಇಷ್ಟು ಎತ್ತರದ ಉಬ್ಬು ಈಗ ಯಾಕೆ ಇಲ್ಲ ಅಂತ ಕೇಳಬಹುದು. ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್‌ಗೂ ಅದೇ ಕೊರಗಿತ್ತು. ಗ್ರೀಕ್ ನಾಣ್ಯಗಳ ಹಾಗೆ ಉಬ್ಬಿರಲಿ ಅಂತ ಸೇಂಟ್-ಗಾಡನ್ಸ್ ಎಂಬ ಶಿಲ್ಪಿಯಿಂದ 20 ಡಾಲರಿನ ಚಿನ್ನದ ನಾಣ್ಯ ಮಾಡಿಸಿದ. 1907ರಲ್ಲಿ ಬಂತು. ಯಂತ್ರದಲ್ಲಿ ಒಂದೊಂದಕ್ಕೂ ಹಲವು ಪೆಟ್ಟು ಬೇಕಾಯಿತು, ಒಂದರ ಮೇಲೊಂದು ಪೇರಿಸಲೂ ಬರಲಿಲ್ಲ. ಅದೇ ವರ್ಷ ತಟ್ಟಿ ಚಪ್ಪಟೆ ಮಾಡಿದರು.

ಅಲೆಕ್ಸಾಂಡರ್ ಬಂದ ಮೇಲೆ ಊರೂರಿನ ಈ ಆಟ ಕಡಿಮೆಯಾಯಿತು. ಸಿಂಹದ ತೊಗಲು ಹೊದ್ದ ಹೆರಾಕ್ಲೀಸ್, ಕೂತ ಜ್ಯೂಸ್, ಎಲ್ಲ ಕಡೆ ಅದೇ. ಅವನ ಹಿಂದೆ ಬಂದ ರಾಜರು ತಮ್ಮ ಮುಖಗಳನ್ನೇ ಹಾಕಿಕೊಂಡರು. ಒಳ್ಳೆಯ ಕೆಲಸ, ಸಂದೇಹವಿಲ್ಲ, ಆದರೆ ಆಮೆ, ದಾಳಿಂಬೆ, ಮೊಣಕೈ ನೋಡಿ ಬಂದವನಿಗೆ ರಾಜರ ಮೂಗುಗಳ ಸಾಲು ಬೇಗ ಬೇಸರ ತರಿಸುತ್ತದೆ.

ಒಬ್ಬ ರಾಜನನ್ನು ಮಾತ್ರ ಬಿಡಲಾರೆ. ಕ್ರಿಸ್ತಪೂರ್ವ ಎರಡನೇ ಶತಮಾನದ ಮೊದಲ ಭಾಗದಲ್ಲಿ ಬ್ಯಾಕ್ಟ್ರಿಯಾ, ಅಂದರೆ ಈಗಿನ ಉತ್ತರ ಆಫ್ಘಾನಿಸ್ತಾನದ ಕಡೆ ಆಳಿದ ಗ್ರೀಕ್ ರಾಜ ಅಗಥೋಕ್ಲೀಸ್. 1970ರಲ್ಲಿ ಆಫ್ಘಾನಿಸ್ತಾನದ ಐ ಖಾನೂಮ್‌ನಲ್ಲಿ ಅವನ ಆರು ಬೆಳ್ಳಿ ನಾಣ್ಯ ಸಿಕ್ಕವು. ಗ್ರೀಕರ ಹಾಗೆ ಉರುಟಲ್ಲ, ನಮ್ಮ ಹಳೆಯ ಮುದ್ರೆ ನಾಣ್ಯಗಳ ಹಾಗೆ ಚೌಕ. ಒಂದು ಬದಿಗೆ ನೇಗಿಲು ಹಿಡಿದ ಬಲರಾಮ, ಇನ್ನೊಂದು ಬದಿಗೆ ಚಕ್ರ ಹಿಡಿದ ವಾಸುದೇವ. ಒಂದು ಕಡೆ ಗ್ರೀಕ್ ಅಕ್ಷರ, ಇನ್ನೊಂದು ಕಡೆ ಬ್ರಾಹ್ಮಿಯಲ್ಲಿ ರಾಜನ ಹೆಸರು. ಇದೇ ರಾಜನ ಎರಡು ಲಿಪಿಯ ನಾಣ್ಯಗಳನ್ನು ನೋಡಿಕೊಂಡು 1836ರಲ್ಲಿ ಕ್ರಿಶ್ಚಿಯನ್ ಲಾಸೆನ್ ಎಂಬ ವಿದ್ವಾಂಸ ಬ್ರಾಹ್ಮಿಯ ಕೆಲವು ಅಕ್ಷರಗಳನ್ನು ಬಿಡಿಸಿದ. ಮುಂದೆ ಜೇಮ್ಸ್ ಪ್ರಿನ್ಸೆಪ್ ಪೂರ್ತಿ ಓದಿದ. ನಾನು ಈಗ ಬರೆಯುತ್ತಿರುವ ಈ ಲಿಪಿಗೆ ಬ್ರಾಹ್ಮಿಯೇ ಮುತ್ತಜ್ಜಿ. ಡ್ರಾಕ್ಮ ಎಂಬ ಮಾತೂ ಇಲ್ಲೇ ಉಳಿಯಿತು: ನಮ್ಮ ಶಾಸನಗಳ ದ್ರಮ್ಮ, ಹಿಂದಿಯವರ ದಾಮ್.

ಮತ್ತೆ ಗೂಬೆಗೆ. ಸಿರಕ್ಯೂಸ್‌ನಲ್ಲಿ ಸೋತ ವರ್ಷವೇ ಹಳೆಯ ವೈರಿ ಸ್ಪಾರ್ಟಾದವರು ಅಥೆನ್ಸ್ ಹತ್ತಿರ ಕೋಟೆ ಕಟ್ಟಿ ಕೂತರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಗುಲಾಮರು ಓಡಿಹೋದರು. ಬೆಳ್ಳಿ ಬರುವುದು ಸೊರಗಿತು. ಕೊನೆಗೆ ಊರಿನವರೇ ತಾಮ್ರದ ನಾಣ್ಯ ಹೊರಡಿಸಿದರು, ಮೇಲೆ ಬೆಳ್ಳಿಯ ಲೇಪ. ಅದೇ ಅಥೀನಾ, ಅದೇ ಕಣ್ಣು, ಅದೇ ಗೂಬೆ. ನಾಟಕಕಾರ ಅರಿಸ್ಟೋಫನೀಸ್ ಕ್ರಿಸ್ತಪೂರ್ವ 405ರಲ್ಲಿ ರಂಗದ ಮೇಲೇ ಇದನ್ನು ಆಡಿಕೊಂಡ: ಒಳ್ಳೆಯ ಹಳೆಯ ನಾಣ್ಯವನ್ನೂ ಒಳ್ಳೆಯ ಮನುಷ್ಯರನ್ನೂ ಬಿಟ್ಟು, ನಿನ್ನೆ ಮೊನ್ನೆ ಬಡಿದ ಕೆಟ್ಟ ತಾಮ್ರವನ್ನು ಬಳಸುತ್ತಿದ್ದೇವೆ ಅಂತ.

ಚಿತ್ರ ಒಂದೇ, ಒಳಗೆ ಬೇರೆ. ಹಾಗಾದರೆ ನಂಬುವುದು ಹೇಗೆ? ಕ್ರಿಸ್ತಪೂರ್ವ 375ರಲ್ಲಿ ಅಥೆನ್ಸ್ ಒಂದು ಕಾನೂನು ಮಾಡಿ ಕಲ್ಲಿನಲ್ಲಿ ಕೆತ್ತಿಸಿತು. ಆ ಕಲ್ಲು 1970ರಲ್ಲಿ ಅಗೆಯುವಾಗ ಸಿಕ್ಕಿತು. ನಾಣ್ಯ ಪರೀಕ್ಷೆಗೆ ಒಬ್ಬ ಸರ್ಕಾರಿ ಗುಲಾಮ. ಪೇಟೆಯಲ್ಲಿ ಸಾಹುಕಾರರ ಮೇಜುಗಳ ನಡುವೆ ಅವನು ಕೂರಬೇಕು. ತಂದ ಗೂಬೆಯನ್ನು ನೋಡಿ ಒಳ್ಳೆಯದಾದರೆ ವಾಪಸು ಕೊಡಬೇಕು. ಒಳಗೆ ತಾಮ್ರವೋ ಸೀಸವೋ ಇದ್ದರೆ ಅಲ್ಲೇ ಸೀಳಿ ಹಾಕಬೇಕು, ಅದು 'ದೇವತೆಗಳ ತಾಯಿ' ಎಂಬ ದೇವಿಗೆ ಸೇರುತ್ತದೆ. ಅವನು ಒಳ್ಳೆಯದು ಅಂದ ನಾಣ್ಯವನ್ನು ಅಂಗಡಿಯವನು ಬೇಡ ಅಂದರೆ ಆ ದಿನದ ಸರಕು ಜಪ್ತಿ. ಪರೀಕ್ಷೆಗೆ ಕೂರದೆ ತಪ್ಪಿಸಿಕೊಂಡರೆ ಗುಲಾಮನಿಗೆ ಐವತ್ತು ಚಡಿಯೇಟು. ಊರಿನ ಮರ್ಯಾದೆಯೆಲ್ಲ ಬೆನ್ನಿಗೆ ಚಾಟಿ ಕಟ್ಟಿಕೊಂಡ ಒಬ್ಬ ಆಳಿನ ಕಣ್ಣಿನ ಮೇಲೆ ನಿಂತಿತ್ತು.

ಹೊರದೇಶದ ವ್ಯಾಪಾರಿಗಳು ಅಷ್ಟೂ ಕಾಯಲಿಲ್ಲ. ಗೂಬೆ ಕೈಗೆ ಬಂದ ತಕ್ಷಣ ಉಳಿ ಇಟ್ಟು ಒಂದು ಏಟು. ಈಜಿಪ್ಟ್, ಸಿರಿಯಾ ಕಡೆ ಸಿಗುವ ಗೂಬೆಗಳಲ್ಲಿ ಈ ಗಾಯ ಬಹಳ. ಗಿರವಿಗೆ ತಂದ ಲೋಟದ ತಳಕ್ಕೆ ದೊಡ್ಡಪ್ಪ ಅರ ಹಾಕಿ ನೋಡುತ್ತಿದ್ದದ್ದೂ ಇದೇ. ತಂದವರು ಮುಖ ಸಣ್ಣ ಮಾಡಿಕೊಳ್ಳುತ್ತಿದ್ದರು. ಅವನು ತಲೆ ಎತ್ತುತ್ತಿರಲಿಲ್ಲ.

ಆ ಮ್ಯೂಸಿಯಂನಲ್ಲಿ ಅಂಥದ್ದೊಂದರ ಫೋಟೋ ತೆಗೆದುಕೊಂಡಿದ್ದೆ. ರಾತ್ರಿ ಹೋಟೆಲಿನಲ್ಲಿ ಮಲಗಿ ಫೋನಿನಲ್ಲಿ ದೊಡ್ಡದು ಮಾಡಿ ನೋಡಿದೆ. ಉಳಿ ಬಿದ್ದದ್ದು ಅಥೀನಾಳ ಕೆನ್ನೆಗೆ. ಓಲೆಯ ಹತ್ತಿರ ಶುರುವಾಗಿ ಕಣ್ಣಿನ ಕೊನೆಯವರೆಗೆ ಬಂದು ನಿಂತಿದೆ. ಮೇಲೆಲ್ಲ ನಾಣ್ಯ ಕಪ್ಪಗಾಗಿದೆ. ಇನ್ನೂ ದೊಡ್ಡದು ಮಾಡಿದೆ. ಸೀಳಿನ ತಳದಲ್ಲಿ ಬೂದು ಬಣ್ಣ, ಅಲ್ಲಲ್ಲಿ ಸಣ್ಣಗೆ ಬಿಳಿ ಹೊಳಪು. ತಾಮ್ರದ ಕೆಂಪು ಎಲ್ಲೂ ಇಲ್ಲ.